ಫೆಬ್ರವರಿಯಲ್ಲಿ ಹಸಿರಾಗಿದ್ದ ಬೇವು

ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ರೈಲ್ವೆ ನೌಕರರ ಮನೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಬೇವಿನ ಮರಗಳಿದ್ದವು. ಒಂದರ ಬುಡದಲ್ಲಿ ಗದಿಗೆಮ್ಮ ಹದಿನೆಂಟು ವರ್ಷಗಳಿಂದ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಇನ್ನೊಂದು ಇಪ್ಪತ್ತು ಹೆಜ್ಜೆ ಆಚೆ, ನೀರಿನ ಟಾಕಿಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ನಡೆದದ್ದು ಇಷ್ಟೇ: ಗದಿಗೆಮ್ಮ ಮೊದಲನೆಯ ಮರದ ಕೆಳಗಿನಿಂದ ಎದ್ದು ಎರಡನೆಯದರ ಕೆಳಗೆ ಹೋಗಿ ಕುಳಿತಳು. ಹಾಗೆ ಎಬ್ಬಿಸಿ ಕೂರಿಸಿದವಳು ಧನಶ್ರೀ.

ಧನಶ್ರೀ ಅದೇ ರಸ್ತೆಯ ಹುಡುಗಿ. ಅಪ್ಪ ರಾಮದಾಸರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅಜ್ಜನ ಕಾಲಕ್ಕೆ ರಾಯಚೂರಿನ ಕಡೆಯಿಂದ ಬಂದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ. ಅವಳು ಹೈಟೆಕ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ ಮಾಡುತ್ತಿದ್ದ ಕೆಲಸವನ್ನು ರಾಮದಾಸರು ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಸುತ್ತಿದ್ದರು: "ನಮ್ಮ ಧನಾ ಆಕಾಶದಿಂದ ಗಿಡಾ ನೋಡ್ತಾಳ್ರಿ." ಮಾತು ಅತಿಯಾದರೂ ಸುಳ್ಳಲ್ಲ. ಉಪಗ್ರಹ ತೆಗೆದ ಚಿತ್ರಗಳಲ್ಲಿ ಒಂದೊಂದೇ ಮರದ ನೆತ್ತಿಗೆ ಗೆರೆಯ ಸುತ್ತು ಹಾಕಿ, ಇದು ಹಸಿರು, ಇದು ಒಣ ಎಂದು ಗುರುತು ಮಾಡುವುದು ಅವಳ ಕೆಲಸ. ಹಾಗೆ ಹತ್ತು ಸಾವಿರ ಮರ ತೋರಿಸಿಕೊಟ್ಟ ಮೇಲೆ ಯಂತ್ರ ತಾನೇ ಕಲಿತುಕೊಂಡು, ಉಳಿದ ಊರಿನ ಮರಗಳಿಗೆಲ್ಲ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು.

ಆ ವರ್ಷದ ಕೆಲಸ ರಸ್ತೆಬದಿಯ ಮರಗಳದ್ದು. ಒಣಗಿದ ಮರಗಳನ್ನು ಮಳೆಗಾಲಕ್ಕೆ ಮೊದಲೇ ಕಡಿಸಬೇಕೆಂದು ಒಬ್ಬ ಗುತ್ತಿಗೆದಾರ ಪಟ್ಟಿ ಕೇಳಿದ್ದ. ಇಪ್ಪತ್ತಕ್ಕಿಂತ ಕಡಿಮೆ ಅಂಕ ಬಂದದ್ದು ಕೊಡಲಿಗೆ, ಉಳಿದದ್ದು ಉಳಿಯಿತು. ಚಿತ್ರಕ್ಕೆ ಮೋಡವಿಲ್ಲದ ದಿನ ಬೇಕಲ್ಲ, ಹುಡುಕಿ ಹುಡುಕಿ ಫೆಬ್ರವರಿ ಇಪ್ಪತ್ತನ್ನು ಆರಿಸಿದರು. ಕನ್ನಡಿಯಂಥ ಆಕಾಶ. ಆರಿಸಿದ ಮೇಲಧಿಕಾರಿ ಹೇಮಂತ ಮೈಸೂರಿನವನು, ಲೆಕ್ಕದಲ್ಲಿ ಹುಲಿ. ಬೇವಿನ ಮರವನ್ನು ಅವನು ಸೋಪಿನ ಮೇಲಿನ ಚಿತ್ರದಲ್ಲಿ ನೋಡಿದ್ದೇ ಹೆಚ್ಚು. ಅವನನ್ನು ದೂರಿ ಪ್ರಯೋಜನವಿಲ್ಲ. ಮಾಘ ಮಾಸದಲ್ಲಿ ಬೇವು ಹೇಗಿರುತ್ತದೆ ಎಂದು ತಿಳಿದಿರಬೇಕಾದವಳು ಧನಶ್ರೀ.

ಪಟ್ಟಿ ಕಳಿಸುವ ಮೊದಲು ಇನ್ನೂರು ಮರಗಳನ್ನು ಖುದ್ದಾಗಿ ಹೋಗಿ ನೋಡಿಬರಬೇಕೆಂಬ ನಿಯಮವಿತ್ತು. ಪ್ರತಿ ಮರದ ಮುಂದೆ "ಹೋಗಿ ನೋಡಿದ್ದೇನೆ" ಎಂಬ ಒಂದು ಚೌಕ. ಧನಶ್ರೀ ಆಫೀಸಿನ ಸುತ್ತಮುತ್ತ ನಲವತ್ತೊಂದು ಮರ ನೋಡಿದಳು, ಎಲ್ಲವೂ ಹೊಂಗೆ, ಗುಲ್‌ಮೊಹರ್. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತು, ಚಪ್ಪಲಿ ಕಿತ್ತಿತು, ಗುತ್ತಿಗೆದಾರನ ಫೋನು ಶುರುವಾಯಿತು. ಉಳಿದ ನೂರೈವತ್ತೊಂಬತ್ತನ್ನು ಅವಳು ಏಸಿಯಲ್ಲಿ ಕೂತು, ಚಹಾ ಕುಡಿಯುತ್ತ, ಯಂತ್ರ ಹೇಳಿದ್ದನ್ನೇ ನೋಡಿ ಬರೆದು ತುಂಬಿಸಿದಳು. ಅವುಗಳಲ್ಲಿ ಒಂದು ಟಾಕಿಯ ಪಕ್ಕದ ಬೇವು. ಅದರ ಮುಂದೆ ಗುರುತು ಹಾಕುವಾಗ ಅವಳಿಗೆ ಅಳುಕು ಕೂಡ ಆಗಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ಮರ, ಮತ್ತೆ ಹೋಗಿ ನೋಡುವುದೇನು! ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಬೀದಿಯ ಗಿಡ ಕಣ್ಣಿಗೇ ಬೀಳುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಮಾರ್ಚ್ ಮೊದಲ ವಾರ ಸಂಜೆ ಅವಳು ಸ್ಟೇಷನ್ನಿನಿಂದ ಬರುತ್ತಿದ್ದಾಗ ಗದಿಗೆಮ್ಮ ಕರೆದಳು.

"ಯವ್ವಾ, ನೀ ಮ್ಯಾಲಿಂದ ಗಿಡಾ ನೋಡ್ತೀಯಂತ, ನಿಮ್ಮಪ್ಪಾರು ಊರ ತುಂಬ ಹೇಳಾಕತ್ತಾರ. ಈ ನನ್ನ ಗಿಡದ್ದೊಂದೀಟು ನೋಡು. ಪುಂಡಿಪಲ್ಯದ ಬೋಗಾಣ್ಯಾಗ ಬರೇ ಎಲಿ ಉದುರಸಾಕತ್ತೈತಿ. ಗಿರಾಕಿ ಬೈತಾರ."

ಧನಶ್ರೀ ಫೋನು ತೆಗೆದು ನಕ್ಷೆಯಲ್ಲಿ ಬೆರಳಿಟ್ಟಳು. ಹೆಮ್ಮೆಯಿಂದ ಎಂದೇ ಹೇಳಬೇಕು. "ಆಯಿ, ನಿನ್ನ ಗಿಡಕ್ಕ ಹನ್ನೊಂದು. ಆ ಟಾಕಿ ಗಿಡಕ್ಕ ತೊಂಬತ್ತೆಂಟು."

"ನೂರಕ್ಕ?"

"ನೂರಕ್ಕ."

"ಅಯ್ಯ, ನನ್ನ ಗಿಡ ನಾಪಾಸಾತಲ್ಲ!" ಗದಿಗೆಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು.

"ನಗಬ್ಯಾಡ. ಇದು ಒಣಗೈತಿ, ಕಡೀತಾರ ಇದನ್ನ. ಮೈಮ್ಯಾಲ ಬೀಳೂದರೊಳಗ ಎದ್ದು ಆ ಗಿಡದ ಕೆಳಗ ಕೂಡು. ನೋಡು, ಎಷ್ಟ ಹಸರ ಐತಿ."

ಗದಿಗೆಮ್ಮ ಟಾಕಿಯ ಕಡೆ ತಿರುಗಿ ನೋಡಿದಳು. ನಗು ಸ್ವಲ್ಪ ಕಡಿಮೆಯಾಯಿತು. "ಹಸರೇನೋ ಐತವ್ವ. ಆದ್ರ ಅದರ ಬುಡದಾಗ ಸಂಜೀಮುಂದ ಕರ್ ಕರ್ ಅಂತ ಸಪ್ಪಳ ಬರ್ತೈತಿ. ಯಾರೋ ಒಳಗ ಕೂತು ಕಡೀಲಿಕತ್ತಂಗ."

"ಟಾಕಿ ನೀರಿನ ಪೈಪಿಂದಿರಬೇಕು ಆಯಿ."

"ಇದ್ದೀತು. ನೀ ಓದಿದಾಕಿ."

ಮರುದಿನ ಗದಿಗೆಮ್ಮ ಒಲೆ, ಹಂಚು, ರೊಟ್ಟಿ ಬಡಿಯುವ ಹಲಗೆ, ಶೇಂಗಾ ಹಿಂಡಿಯ ಡಬ್ಬಿ ಎಲ್ಲ ಹೊತ್ತು ಇಪ್ಪತ್ತು ಹೆಜ್ಜೆ ಆಚೆ ಹೋಗಿ ಕುಳಿತಳು. ಬಂದ ಗಿರಾಕಿಗಳಿಗೆಲ್ಲ "ನೂರಕ್ಕ ತೊಂಬತ್ತೆಂಟು ತಗೊಂಡ ಗಿಡ ಇದು, ಆರಾಮ ಕೂಡ್ರಿ" ಎನ್ನುತ್ತಿದ್ದಳು. ಆ ಮಾತು ಕೇಳುವಾಗೆಲ್ಲ ಧನಶ್ರೀಗೆ ಒಳಗೊಳಗೇ ಖುಷಿ. ಯಂತ್ರಕ್ಕೆ ಕಲಿಸಿದ ಹತ್ತು ಸಾವಿರ ಮರಗಳಿಂದ ಒಬ್ಬಳಿಗಾದರೂ ಉಪಕಾರವಾಯಿತಲ್ಲ ಎಂದುಕೊಂಡಳು.

ಪಟ್ಟಿ ಗುತ್ತಿಗೆದಾರನಿಗೆ ಹೋಯಿತು. ಕಡಿಯಬೇಕಾದವು ಸಾವಿರದ ನಾನೂರ ಹನ್ನೆರಡು.

ಯುಗಾದಿಯ ಬೆಳಗ್ಗೆ ಅಮ್ಮ ಬೇವಿನ ಹೂವು ತರಲು ಅಟ್ಟಿದಳು. ಬೇವು-ಬೆಲ್ಲಕ್ಕೆ ಒಂದು ಹಿಡಿ ಸಾಕು. ಹಬ್ಬವೆಂದು ಗದಿಗೆಮ್ಮ ಅಂಗಡಿ ಹೂಡಿರಲಿಲ್ಲ. ಒಲೆಯ ಮೂರು ಕಲ್ಲುಗಳು ಟಾಕಿಯ ಮರದ ಕೆಳಗೆ ತಣ್ಣಗೆ ಕುಳಿತಿದ್ದವು. ಧನಶ್ರೀ ತಟ್ಟೆ ಹಿಡಿದು ಮೇಲೆ ನೋಡಿದಳು. ಹಸಿರೇ ಹಸಿರು, ಹೂವು ಒಂದೂ ಇಲ್ಲ. ಜತೆಗೆ ಬಂದಿದ್ದ ರಾಮದಾಸರು ಆಚೆಯ ಮರದಿಂದ ಕೂಗಿದರು.

"ಧನಾ, ಇಲ್ಲಿ ಬಾ. ಹೂವು ಇದರಾಗ ಐತಿ."

ಅವಳು ತಿರುಗಿದಳು. ಹನ್ನೊಂದು ಅಂಕದ ಆ ಮರ ಮೈತುಂಬ ಎಳೆಯ ತಾಮ್ರದ ಬಣ್ಣದ ಚಿಗುರು, ಗೊಂಚಲು ಗೊಂಚಲು ಬಿಳಿ ಹೂವು ಹೊತ್ತು ನಿಂತಿತ್ತು. ಕೆಳಗೆ ನೆಲವೆಲ್ಲ ಹೂವು ಉದುರಿ ಬೆಳ್ಳಗಾಗಿತ್ತು. ಜೇನ್ನೊಣಗಳ ಸದ್ದು ರಸ್ತೆಗೇ ಕೇಳುತ್ತಿತ್ತು.

"ಟಾಕಿ ಗಿಡದಾಗ ಮೂರು ಯುಗಾದಿ ಆತು ಹೂವಿಲ್ಲ," ರಾಮದಾಸರು ಟೊಂಗೆ ಬಗ್ಗಿಸಿ ಹೂವು ಬಿಡಿಸುತ್ತ ಹೇಳಿದರು. "ಅದರ ತುಂಬ ಬಂದಳಿಕಿ ಹಬ್ಬೈತಿ."

"ಮತ್ತ ಗದಿಗೆಮ್ಮಾಯಿ ಅಲ್ಲಿ ಹೋಗಿ ಕೂತಾಗ ನೀವು ಯಾಕ ಸುಮ್ಮನಿದ್ರಿ?"

"ನೀನ ತೊಂಬತ್ತೆಂಟು ಅಂದ್ಯಲ್ಲ. ನನ್ನ ಕಣ್ಣಿಗೇ ಏನೋ ಆಗಿರಬೇಕು ಅಂದ್ಕೊಂಡೆ."

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಗಳನ್ನು ನಂಬಿದ ಮನುಷ್ಯ ಹೇಳುವಂತೆ ಹೇಳಿ, ತಟ್ಟೆ ತೆಗೆದುಕೊಂಡು ಮನೆಯ ಕಡೆ ನಡೆದರು.

ಧನಶ್ರೀ ಒಬ್ಬಳೇ ಟಾಕಿಯ ಮರಕ್ಕೆ ಹಿಂತಿರುಗಿದಳು. ಈ ಸಲ ನಿಜವಾಗಿ ನೋಡಿದಳು. ಬೇವಿನ ಎಲೆಗೆ ಗರಗಸದ ಹಲ್ಲಿರುತ್ತದೆ. ಈ ಎಲೆಗಳು ದಪ್ಪಗೆ, ನುಣ್ಣಗೆ, ಅಂಚಿನಲ್ಲಿ ಹಲ್ಲಿಲ್ಲದೆ ಇದ್ದವು. ಬಂದಳಿಕೆ ಬೇರೆ ಮರದ ಟೊಂಗೆಗೆ ಬೇರು ಇಳಿಸಿ ಅದರ ರಸ ಕುಡಿದು ಬದುಕುವ ಗಿಡ. ಮಾಘ ಬರಲಿ ವೈಶಾಖ ಬರಲಿ ಹಸಿರಾಗಿಯೇ ಇರುತ್ತದೆ. ಆ ಹಸಿರಿನ ನಡುವೆ ಬೇವಿನ ಸ್ವಂತ ಟೊಂಗೆಗಳು ಬೂದಿಬಣ್ಣಕ್ಕೆ ತಿರುಗಿ ಎಲುಬಿನಂತೆ ಚಾಚಿದ್ದವು. ಒಂದು ಪಕ್ಕದ ತೊಗಟೆ ಮಾತ್ರ ಜೀವ ಹಿಡಿದು, ಉಳಿದ ಅಷ್ಟಿಷ್ಟು ರಸವನ್ನೂ ಬಂದಳಿಕೆಗೇ ಊಡುತ್ತಿತ್ತು. ಅವಳು ಕಾಂಡಕ್ಕೆ ಬೆರಳಗಂಟಿನಿಂದ ಬಡಿದಳು. ಖಾಲಿ ಡಬ್ಬಿಯ ಸದ್ದು ಬಂತು. ಕಿವಿಯಿಟ್ಟಾಗ ಒಳಗೆ ಕರ್ ಕರ್ ಎನ್ನುತ್ತಿತ್ತು. ಹಬ್ಬದ ದಿನ ಟಾಕಿಗೆ ನೀರು ಬಿಟ್ಟಿರಲಿಲ್ಲ; ಸದ್ದು ಕಾಂಡ ಕೊರೆಯುವ ಹುಳುವಿನದು.

ಆಗ ಅವಳಿಗೆ ಎಲ್ಲ ತಿಳಿಯಿತು. ಮಾಘದಲ್ಲಿ ಗಟ್ಟಿಮುಟ್ಟಾದ ಬೇವೆಲ್ಲ ಎಲೆ ಉದುರಿಸಿ ಬೋಳಾಗುತ್ತದೆ. ಆಗ ಹಸಿರಾಗಿ ಕಾಣುವ ಬೇವಿನ ಮೈಮೇಲೆ ಇರುವುದು ಬೇವಿನ ಹಸಿರಲ್ಲ. ಅವಳು ಯಂತ್ರಕ್ಕೆ ಬದುಕಿದ್ದನ್ನು ಒಣ ಎಂದೂ, ಸಾಯುತ್ತಿರುವುದನ್ನು ಹಸಿರು ಎಂದೂ ಕಲಿಸಿದ್ದಳು. ಯಂತ್ರ ಬುದ್ಧಿವಂತ ಶಿಷ್ಯನ ಹಾಗೆ ಊರಿಗೆಲ್ಲ ಅದನ್ನೇ ಒಪ್ಪಿಸಿತ್ತು. ಫೋನಿನಲ್ಲಿ ತೊಂಬತ್ತು ದಾಟಿದ ಬೇವುಗಳನ್ನು ಮಾತ್ರ ಹೆಕ್ಕಿ ನೋಡಿದಳು. ಮುನ್ನೂರ ಹನ್ನೆರಡು.

ಮನೆಯಲ್ಲಿ ಬೇವು-ಬೆಲ್ಲ ನಾಲಿಗೆಗೆ ಹತ್ತಲಿಲ್ಲ. "ಏನಾತು?" ಎಂದು ಅಪ್ಪ ಕೇಳಿದ್ದಕ್ಕೆ "ಏನಿಲ್ಲರಿ" ಎಂದಳು.

ಮರುದಿನ ಹೇಮಂತನ ಎದುರು ನಿಂತು, ಬೇವಿನ ಮರಗಳಲ್ಲಿ ಏನೋ ತಪ್ಪಾಗಿರಬಹುದು ಎಂದು ಸುತ್ತಿ ಬಳಸಿ ಶುರುಮಾಡಿದಳು. ಅವನು ನಗುತ್ತಲೇ ಕೇಳಿಸಿಕೊಂಡ.

"ನೋಡಿ ಧನಶ್ರೀ, ಇನ್ನೂರು ಮರ ನೀವೇ ಹೋಗಿ ನೋಡ್ಕೊಂಡು ಬಂದಿದೀರ. ಅದ್ರಲ್ಲಿ ಮೂವತ್ತೆರಡು ಬೇವು. ಎಲ್ಲಾ ಸರಿಯಾಗಿದೆ ಅಂತ ನೀವೇ ಬರ್ದಿದೀರ. ಈಗ ತಪ್ಪು ಅಂತಾನೂ ನೀವೇ ಹೇಳ್ತಿದೀರ. ನಾನು ಯಾರನ್ನ ನಂಬ್ಲಿ, ಆ ಧನಶ್ರೀನೋ ಈ ಧನಶ್ರೀನೋ?"

"ನಾನು ಹೋಗಿರಲಿಲ್ಲ" ಎಂದು ಎರಡು ಪದ ಹೇಳಿದ್ದರೆ ಮುಗಿಯುತ್ತಿತ್ತು. ಕೆಲಸ ಹೋಗುತ್ತಿತ್ತು, ಹೋಗಲಿ. ಆದರೆ ಊರ ತುಂಬ ಹೇಳಿಕೊಂಡು ತಿರುಗುವ ಅಪ್ಪನ ಮುಖ ಅವಳ ಕಣ್ಣಿಗೆ ಬಂತು. ನಾಚಿಕೆ ಎಂಬುದು ಎಂಥ ಹಾಳು ವಸ್ತು! ಬೇರೆಯವರ ಪ್ರಾಣಕ್ಕೆ ಬಂದಾಗಲೂ ಅದು ತನ್ನ ಸೆರಗನ್ನೇ ಸರಿಮಾಡಿಕೊಳ್ಳುತ್ತದೆ. "ಇನ್ನೊಮ್ಮೆ ನೋಡ್ತೀನಿ ಸರ್" ಎಂದು ಹೊರಬಂದಳು.

ಆ ಸಂಜೆ ಗದಿಗೆಮ್ಮನ ಹತ್ತಿರ ಹೋದಳು. "ಆಯಿ, ಇಲ್ಲಿ ಬ್ಯಾಡ. ಮತ್ತ ಆ ಗಿಡದ ಕೆಳಗೇ ಹೋಗು."

ಗದಿಗೆಮ್ಮ ರೊಟ್ಟಿ ತಿರುವಿ ಹಾಕುತ್ತ ಕಣ್ಣರಳಿಸಿದಳು. "ನೀನ ಎಬ್ಬಿಸಿ ತಂದಿ, ನೀನ ಮತ್ತ ಒಯ್ಯಾಕಿ? ನಾಪಾಸಾದ ಗಿಡದ ಕೆಳಗ? ಯಾಕ, ಏನಾಗೈತಿ?"

"ಏನಿಲ್ಲ. ಅಲ್ಲಿ ಗಾಳಿ ಚಲೋ ಬರ್ತೈತಿ."

"ಗಾಳಿಗೆ ಒಲಿ ಆರತೈತಿ ಯವ್ವಾ." ಗದಿಗೆಮ್ಮ ಅವಳ ಮುಖವನ್ನೇ ನೋಡಿದಳು. "ಏನರ ಇದ್ರ ಹೇಳಿಬಿಡು. ಯಾಕಂತ ಗೊತ್ತಾದ್ರ ಈಗಿಂದೀಗ ಎದ್ದೇನು."

ಬಾಯಿ ತೆರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. ಬೆಂಚಿನ ಮೇಲೆ ನಾಲ್ಕು ಗಿರಾಕಿಗಳಿದ್ದರು, ಅವರಲ್ಲಿ ಇಬ್ಬರು ಅಪ್ಪನ ಜತೆ ಕೆಲಸ ಮಾಡಿದವರು. ಧನಶ್ರೀ "ನಾಳೆ ಹೇಳ್ತೀನಿ ಆಯಿ" ಎಂದಳು.

ಮರುದಿನ ಬೆಳಗ್ಗೆ ಅವಳು ಸ್ಟೇಷನ್ನಿಗೆ ಹೊರಟಾಗ ಗರಗಸದ ಸದ್ದು ಆಗಲೇ ನಿಂತಿತ್ತು. ಹನ್ನೊಂದು ಅಂಕದ ಮರ ರಸ್ತೆಗೆ ಅಡ್ಡ ಮಲಗಿತ್ತು. ಬುಡದ ಮೋಟು ಬೆಣ್ಣೆಯಷ್ಟು ಬೆಳ್ಳಗೆ, ಒದ್ದೆಯಾಗಿತ್ತು. ಒಂದೇ ಒಂದು ಹುಳುಕು ಅದರಲ್ಲಿರಲಿಲ್ಲ. ಕಡಿದ ಟೊಂಗೆಗಳ ಹೂವಿನ ಮೇಲೆ ಜೇನ್ನೊಣಗಳು ಇನ್ನೂ ಕೂತು ಏಳುತ್ತಿದ್ದವು. ಕೆಲಸದವರು ಪಟ್ಟಿಯಲ್ಲಿ ಗೀಟು ಹಾಕಿಕೊಂಡು ಮುಂದಿನ ಬೀದಿಗೆ ಹೊರಟರು.

ಗದಿಗೆಮ್ಮ ಓಡಿಬಂದು ಧನಶ್ರೀಯ ಕೈ ಹಿಡಿದಳು. "ನೀ ಹೇಳದಿದ್ರ ನಾ ಇನ್ನೂ ಅದರ ಕೆಳಗೇ ಇರ್ತಿದ್ದೆ. ನನ್ನ ನೆತ್ತಿ ಕಾಯ್ದಿ ಯವ್ವಾ." ಎರಡು ಖಡಕ್ ರೊಟ್ಟಿ ಕಾಗದದಲ್ಲಿ ಸುತ್ತಿ ಅವಳ ಚೀಲಕ್ಕೆ ತುರುಕಿದಳು. ರೈಲಿಗೆ ಹೊತ್ತಾಯಿತೆಂದು ಧನಶ್ರೀ ಸ್ಟೇಷನ್ನಿನ ಕಡೆ ನಡೆದುಬಿಟ್ಟಳು. ಇನ್ನು ಆ ರಸ್ತೆಯಲ್ಲಿ ನೆರಳಿದ್ದದ್ದು ಒಂದೇ ಮರಕ್ಕೆ.

ಆಫೀಸಿನಲ್ಲಿ ಅವಳು ಹೇಮಂತನಿಗೆ ಪತ್ರ ಬರೆಯಲು ಕೂತಳು. ಮೊದಲ ಸಾಲಿಗೇ ಮಧ್ಯಾಹ್ನವಾಯಿತು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಾಲ್ಕು ಗಂಟೆಗೆ ಕಿಟಕಿಯ ಗಾಜು ಕಪ್ಪಾಯಿತು. ಪೂರ್ವದ ಕಡೆಯಿಂದ ಮಣ್ಣಿನ ಬಣ್ಣದ ಗಾಳಿ ಎದ್ದು ಬರುತ್ತಿತ್ತು. ಬೇಸಿಗೆಯ ಮೊದಲ ಮಳೆಗೆ ಮುಂಚೆ ಹೈದರಾಬಾದಿನಲ್ಲಿ ಹೀಗೆಯೇ. ಆಗ ಅವಳ ಕೈ ತಾನಾಗಿ ಬರೆಯಿತು: ನೂರೈವತ್ತೊಂಬತ್ತು ಮರಗಳನ್ನು ನಾನು ಹೋಗಿ ನೋಡಿಲ್ಲ. ಕಳಿಸಿಬಿಟ್ಟು ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಗದಿಗೆಮ್ಮಾಯಿನ್ನ ಆ ಗಿಡದ ಕೆಳಗಿಂದ ಎಬ್ಬಸ್ರಿ. ಈಗ, ಈಗಿಂದೀಗ ಹೋಗ್ರಿ."

"ಯಾಕವಾ, ಏನು..." ಎಂಬಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಹತ್ತಲಿಲ್ಲ.

ಮೆಟ್ರೊ ಇಳಿದು ಆಟೋ ಹಿಡಿದು ಅವಳು ಬಂದು ಮುಟ್ಟುವಾಗ ಮಳೆ ನಿಂತಿತ್ತು. ರಸ್ತೆಯ ತುದಿಯಲ್ಲಿ ಜನ ಗುಂಪುಗೂಡಿದ್ದರು. ಟಾಕಿಯ ಮರ ನಡುಮಧ್ಯ ಮುರಿದು ಬಿದ್ದಿತ್ತು. ಮುರಿದಲ್ಲಿ ಕಟ್ಟಿಗೆಯೇ ಇರಲಿಲ್ಲ, ಜೋಳದ ಹಿಟ್ಟಿನಂಥ ಪುಡಿ ಮಳೆಗೆ ಕಲಸಿ ಹರಿಯುತ್ತಿತ್ತು. ಅದರ ಪಕ್ಕದಲ್ಲಿ ನಿಜವಾದ ಜೋಳದ ಹಿಟ್ಟೂ ಇತ್ತು. ಗದಿಗೆಮ್ಮನನ್ನು ಹೊರಗೆಳೆದು ಸೀರೆ ಹೊದಿಸಿದ್ದರು. ಆಸ್ಪತ್ರೆಗೆ ಒಯ್ಯುವ ಅವಸರ ಯಾರಿಗೂ ಇರಲಿಲ್ಲ.

ರಾಮದಾಸರು ಮುಚ್ಚಿದ ಕೊಡೆ ಹಿಡಿದು, ಪೂರ್ತಿ ತೊಯ್ದು, ಗೋಡೆಗೆ ಒರಗಿ ನಿಂತಿದ್ದರು.

"ಓಡಿಬಂದು ಹೇಳಿದ್ನಿ ಧನಾ. ಗಿರಾಕಿ ಎಲ್ಲ ಎದ್ದು ಹೋದ್ರು. ಆಕಿ ಏಳಲಿಲ್ಲ. 'ನಿಮ್ಮ ಮಗಳು ತೊಂಬತ್ತೆಂಟು ಅಂದಾಳ, ನೀವ ಒಳಗ ಬರ್ರಿ, ತೊಯ್ಸಿಕೋಬ್ಯಾಡ್ರಿ' ಅಂತ ನನಗೇ ಕರದ್ಲು. ಯಾಕ ಏಳಬೇಕು ಅಂತ ಕೇಳಿದ್ಲು." ಅವರು ಮಗಳ ಕಡೆ ನೋಡಿದರು. "ಯಾಕಂತ ನೀ ನನಗ ಹೇಳಿರಲಿಲ್ಲ."

ಮರುದಿನ ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಧನಶ್ರೀ ಮನೆಯಲ್ಲೇ ಕೂತು ಕಂಪ್ಯೂಟರು ತೆರೆದಳು. ಆ ಬೆಳಗಿನ ಉಪಗ್ರಹದ ಚಿತ್ರ ಬಂದಿತ್ತು. ಟಾಕಿಯ ಪಕ್ಕ, ರಸ್ತೆಗೆ ಅಡ್ಡವಾಗಿ, ಒಂದು ದೊಡ್ಡ ಹಸಿರು ಮಚ್ಚೆ. ಬೇವು ಸತ್ತಿತ್ತು, ಅದರ ಕೆಳಗಿದ್ದವಳು ಸತ್ತಿದ್ದಳು, ಬಂದಳಿಕೆಯ ಎಲೆಗಳು ಮಾತ್ರ ರಾತ್ರಿಯ ಮಳೆ ಕುಡಿದು ಇನ್ನೂ ಬಾಡಿರಲಿಲ್ಲ. ಯಂತ್ರ ಆ ಮಚ್ಚೆಯನ್ನು ಅಳೆದು ಅಂಕ ಕೊಟ್ಟಿತ್ತು: ತೊಂಬತ್ತನಾಲ್ಕು.

ಹೇಮಂತನ ಫೋನು ಬಂತು. ಇವತ್ತು ನಗು ಇರಲಿಲ್ಲ. "ನಿಮ್ಮ ಮೇಲ್ ನೋಡ್ದೆ. ಸದ್ಯಕ್ಕೆ ಯಾರ ಹತ್ರಾನೂ ಮಾತಾಡ್ಬೇಡಿ. ಲಾಯರ್‌ನ ಕೇಳ್ತೀನಿ. ಸೋಮವಾರ ಕೂತು ಯೋಚಿಸೋಣ."

"ಸರ್, ಅಂಥವು ಇನ್ನೂ ಮುನ್ನೂರ ಹನ್ನೊಂದು ಅವ."

"ಸೋಮವಾರ ಅಂದ್ನಲ್ಲ ಧನಶ್ರೀ."

ಅವಳು ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡು ಹೊರಟಳು. ರಾಮದಾಸರು ಎಲ್ಲಿಗೆ ಎಂದು ಕೇಳಲಿಲ್ಲ. ಕೊಡೆ ತೆಗೆದುಕೊಂಡು ಅವರೂ ಹಿಂದೆ ಬಂದರು. ಅಂಕದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಕೋಠಿ ಪೇಟೆಯ ಮರ, ತೊಂಬತ್ತೊಂಬತ್ತು. ಅದರ ಕೆಳಗೆ ಆಟೋ ಸ್ಟ್ಯಾಂಡು. ಹತ್ತು ಹನ್ನೆರಡು ಆಟೋಗಳು ಸಾಲಾಗಿ ನಿಂತಿದ್ದವು, ಹಳೆ ಪುಸ್ತಕ ಹರಡಿಕೊಂಡ ಇಬ್ಬರು, ಔಷಧದ ಚೀಟಿ ಹಿಡಿದು ಬಿಸಿಲು ತಪ್ಪಿಸಿಕೊಂಡು ಕೂತ ಹೆಂಗಸರು. ಧನಶ್ರೀ ಕಾಂಡಕ್ಕೆ ಕಿವಿಯಿಟ್ಟಳು. ಬಸ್ಸುಗಳ ಗದ್ದಲದ ನಡುವೆಯೂ ಅದು ಕೇಳಿಸಿತು, ಕರ್ ಕರ್.

ಎಲ್ಲರೂ ಇಲ್ಲಿಂದ ಏಳಿ, ಮರ ಬೀಳುತ್ತದೆ ಎಂದು ಅವಳು ಹಿಂದಿಯಲ್ಲಿ ಹೇಳಿದಳು, ತೆಲುಗಿನಲ್ಲಿ ಹೇಳಿದಳು. ಒಬ್ಬ ಆಟೋದವನು ಸೀಟಿನಿಂದ ತಲೆಯೆತ್ತಿ, ಯಾರು ಹೇಳಿದ್ದು ಎಂದು ಕೇಳಿದ.

"ನಾನೇ," ಎಂದಳು ಧನಶ್ರೀ. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಈ ಮರ ಗಟ್ಟಿಯಾಗಿದೆ ಅಂತ ಬರೆದುಕೊಟ್ಟವಳೂ ನಾನೇ. ಬಂದು ನೋಡದೆ, ಆಫೀಸಿನಲ್ಲಿ ಕೂತು ಸುಳ್ಳು ಬರೆದೆ. ನಿನ್ನೆ ಇಂಥದೇ ಒಂದು ಮರ ಬಿದ್ದು ನಮ್ಮ ಗದಿಗೆಮ್ಮಾಯಿ ಸತ್ತಳು. ನಾನು ಅವಳಿಗೆ ಯಾಕೆ ಅಂತ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಏಳಿ."

ಆಟೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ತಲೆಯೆತ್ತಿ ಮೇಲೆ ನೋಡಿದರು. ಮರ ತುಂಬ ಹಸಿರಾಗಿತ್ತು. ಕೇಳಿದವನು ಕಾಲು ಚಾಚಿಕೊಂಡು ಮತ್ತೆ ಸೀಟಿಗೆ ಒರಗಿದ.